ಒಟ್ಟಿಗೇ ಬೀಳುವ ಬೆರಳುಗಳು

ಮಗಳ ಸಂಗೀತ ಕ್ಲಾಸಿನ ಹೊರಗೆ ಚಪ್ಪಲಿಗಳ ಪಕ್ಕದಲ್ಲಿ ಕೂತು ಕಿಟಕಿಯಿಂದ ನೋಡುತ್ತಿದ್ದೆ. ಕರ್ನಾಟಕ ಸಂಗೀತದ ಮೊದಲ ಪಾಠ ಸರಳೆ ವರಸೆ, ರಾಗ ಮಾಯಾಮಾಳವಗೌಳ. ಸ್ವರ ಹೇಗೋ ಬರುತ್ತಿದೆ, ತಾಳದ್ದೇ ಫಜೀತಿ. ಆದಿತಾಳಕ್ಕೆ ಒಂದು ಪೆಟ್ಟು ಹಾಕಿ, ಕಿರುಬೆರಳು, ಉಂಗುರಬೆರಳು, ನಡುಬೆರಳು ಎಣಿಸಿ, ಆಮೇಲೆ ಪೆಟ್ಟು, ಬೀಸು, ಪೆಟ್ಟು, ಬೀಸು ಅಂತ 8 ಎಣಿಕೆ ಮುಗಿಸಬೇಕು. ಇವಳು ಕಿರುಬೆರಳು ಇಳಿಸಿದರೆ ಉಂಗುರಬೆರಳೂ ಜೊತೆಗೇ ಬೀಳುತ್ತದೆ! ಎಡಗೈಯಿಂದ ಅದನ್ನು ಎತ್ತಿ ಹಿಡಿದುಕೊಂಡು, ನಾಲಿಗೆ ಕಚ್ಚಿಕೊಂಡು, ಮತ್ತೆ 'ಸ ರಿ'. ನಾಲಿಗೆ ಕಚ್ಚಿಕೊಂಡರೆ ಹಾಡೋದು ಹೇಗೆ ಪುಟ್ಟಿ?

ಈ ಪಾಠಗಳನ್ನು ಕ್ರಮವಾಗಿ ಜೋಡಿಸಿದ್ದು ಪುರಂದರದಾಸರು ಅಂತಾರೆ. ಹಾಗಾದರೆ ಹತ್ತಿರ ಹತ್ತಿರ 500 ವರ್ಷದಿಂದ ಮಕ್ಕಳ ಬೆರಳು ಹೀಗೇ ಕೈಕೊಡುತ್ತಿರಬೇಕು, ಅಲ್ವಾ?

ಪಕ್ಕದಲ್ಲಿ ಕೂತಿದ್ದ ಒಬ್ಬರು, "ಸಂಗೀತದ ಜೂನಿಯರ್ ಪರೀಕ್ಷೆ ಯಾವಾಗ ಕಟ್ಟಿಸ್ತೀರಾ?" ಅಂತ ಕೇಳಿದರು. ಇನ್ನೂ ಬೆರಳೇ ಬೇರೆಯಾಗಿಲ್ಲ ಸ್ವಾಮಿ! ಸುಮ್ನೆ ನಕ್ಕೆ. ಎರಡನೇ ಕಾಲಕ್ಕೆ, ಅಂದರೆ ಎರಡರಷ್ಟು ವೇಗಕ್ಕೆ, ಹೋಗುವಷ್ಟರಲ್ಲಿ ಮಕ್ಕಳೆಲ್ಲ ಒಬ್ಬೊಬ್ಬರು ಒಂದೊಂದು ಕಡೆ. ಅವರಿಗೇ ನಗು ತಡೆಯಲಾಗಲಿಲ್ಲ, ಮೇಷ್ಟ್ರೂ ನಕ್ಕುಬಿಟ್ಟರು. ನನಗಂತೂ ಸರಿಯಾಗಿ ಹಾಡಿದ್ದಕ್ಕಿಂತ ಅದೇ ಜಾಸ್ತಿ ಇಷ್ಟವಾಯಿತು.

ಗಾಡಿ ಹತ್ತುವಾಗ ಕೇಳಿದಳು: "ಅಮ್ಮಾ, ಕರಾಟೆಗೆ ಸೇರ್ಲಾ?" ಸೇರು ಮಾರಾಯ್ತಿ, ಈ ತಿಂಗಳ ಫೀಸು ಕಟ್ಟಾಗಿದೆ, ಅಲ್ಲಿವರೆಗೆ ತಾಳ ಹಾಕು.