ಕೆಂಪಗಾದ ನನ್ನ 36

ನಮ್ ಡೆಂಟಲ್ ಕಾಲೇಜಿನ ಡಿಪಾರ್ಟ್‌ಮೆಂಟಿಗೆ ಕೊನೆಗೂ ಇಂಟ್ರಾಓರಲ್ ಸ್ಕ್ಯಾನರ್, ಅಂದ್ರೆ ಬಾಯೊಳಗಿನ ಹಲ್ಲನ್ನ ತ್ರೀಡಿಯಲ್ಲಿ ಸ್ಕ್ರೀನ್ ಮೇಲೆ ತೋರ್ಸೋ ಮೆಷಿನ್, ಬಂತು ಕಣ್ರಪ್ಪ. ಎಲ್ಲಾ ಬ್ಯಾಚಿಗೂ ಸೇರಿ ಒಂದೇ, ಅದೂ ಬೀಗ ಹಾಕಿರೋ ರೂಮಲ್ಲಿ, ಕೀ ಇಟ್ಕೊಂಡಿರೋ ಮೇಡಂ ಊಟಕ್ಕೆ ಹೋದ್ರೆ ಅವತ್ತಿನ ಕಥೆ ಮುಗೀತು.

ಮೊನ್ನೆ ನಂಗೂ ಚಾನ್ಸ್ ಸಿಕ್ತು. ಫ್ಯಾಂಟಮ್ ಹೆಡ್ (ಪ್ರಾಕ್ಟೀಸ್‌ಗೆ ಇಟ್ಟಿರೋ ಡಮ್ಮಿ ತಲೆ) ಮೇಲೆ ಪ್ಲಾಸ್ಟಿಕ್ ಹಲ್ಲು, ಕೆಳಗಡೆ ಎಡಕ್ಕಿರೋ ಮೊದಲನೇ ದವಡೆ ಹಲ್ಲು, ನಮ್ ಲೆಕ್ಕದಲ್ಲಿ 36, ಕ್ಯಾಪ್‌ಗೆ ಅಂತ ಕಟ್ ಮಾಡಿದ್ದೆ. ಸೆಕೆಂಡ್ ಇಯರಿಂದ ಇದೇ ಕೆಲ್ಸ, ಸರ್ ಬಂದು ಒಂದ್ ಕಣ್ಣು ಮುಚ್ಚಿ ಮೇಲಿಂದ ನೋಡಿ ಹ್ಞೂಂ ಅಂದ್ರೆ ಪಾಸು, ಮೂಡ್ ಸರಿಯಿಲ್ದಿದ್ರೆ ರಿಪೀಟು, ಯಾಕೆ ಅಂತ ಕೇಳಂಗಿಲ್ಲ. ಸ್ಕ್ಯಾನ್ ಮಾಡಿದ್ರೆ ಹಲ್ಲು ಸ್ಕ್ರೀನ್ ಮೇಲೆ ತಿಪಟೂರು ತೆಂಗಿನಕಾಯಿ ಗಾತ್ರ ಆಗಿ ನಿಂತ್ಕೊಂತು, ನಾಲಿಗೆ ಕಡೆ ಗೋಡೆ ಪೂರ್ತಿ ಕೆಂಪು. ಅಂಡರ್‌ಕಟ್. ಮೇಲಿಗಿಂತ ಬುಡ ಸಣ್ಣ, ಕ್ಯಾಪ್ ಕೆಳಗೆ ಇಳಿಯೋದೇ ಇಲ್ಲ. ಮುಂದಿನ, ಹಿಂದಿನ ಗೋಡೆಗಳ ಓರೆ ಸೇರಿ 6 ಡಿಗ್ರಿ ಇರ್ಬೇಕು ಅಂತ ಪುಸ್ತಕ ಹೇಳತ್ತೆ, ನಂದು 22, ಮೈಸೂರ್ ಪೇಟ ಕೂರಿಸೋ ಹಂಗಿತ್ತು. ಮರ್ಯಾದೆ ಹೋಯ್ತು, ಆದ್ರೆ ಎಲ್ಲಿ ಕೈ ವಾಲ್ತು ಅನ್ನೋದು ಮೂರು ವರ್ಷದಲ್ಲಿ ಮೊದಲ್ನೇ ಸಲ ಕಣ್ಣಿಗೆ ಕಾಣ್ತು.

ಅದೇ ಖುಷೀಲಿ ಪಾವಗಡ ಕ್ಯಾಂಪಿಗೆ ಹೋದೆ. ಮೊದಲ್ನೇ ಪೇಷೆಂಟೇ ಪಿಯುಸಿ ಹುಡುಗಿ, ಮಾತಾಡೋವಾಗೆಲ್ಲ ಬಾಯಿಗೆ ದುಪಟ್ಟಾ. ಮುಂದಿನ ಹಲ್ಲೆಲ್ಲ ಕಂದು ಕಲೆ, ಅಲ್ಲಲ್ಲಿ ಗುಳಿ. ಫ್ಲೋರೈಡು. ಕುಡಿಯೋ ನೀರಲ್ಲಿ ಲೀಟರ್‌ಗೆ 1.5 ಮಿಲಿಗ್ರಾಂ ದಾಟಬಾರ್ದು ಅಂತ ಲೆಕ್ಕ, ಅಲ್ಲಿನ ಎಷ್ಟೋ ಬೋರ್‌ವೆಲ್ ಯಾವತ್ತೋ ದಾಟಿವೆ. ಫಿಲ್ಲಿಂಗ್ ಹಿಡೀಲಿ ಅಂತ ಆಸಿಡ್ ಜೆಲ್ ಹಚ್ಚಿದ್ರೆ ಮಾಮೂಲಿ ಹಲ್ಲು ಅರ್ಧ ನಿಮಿಷದಲ್ಲಿ ಸುಣ್ಣ ಬಳಿದಂಗೆ ಬೆಳ್ಳಗಾಗತ್ತೆ, ಇದು ಜಪ್ಪಯ್ಯ ಅನ್ಲಿಲ್ಲ. ಮೇಡಂ ಬಂದು ಇನ್ನೂ ಸ್ವಲ್ಪ ಹೊತ್ತು ಬಿಡು, ಫ್ಲೋರೋಸಿಸ್ ಎನಾಮಲ್, ಅಂದ್ರೆ ಫ್ಲೋರೈಡ್ ಜಾಸ್ತಿಯಾಗಿ ಕೆಟ್ಟಿರೋ ಹಲ್ಲಿನ ಮೇಲ್ಪದರ, ಆಸಿಡ್‌ಗೆ ಅಷ್ಟು ಸುಲಭಕ್ಕೆ ಬಗ್ಗಲ್ಲ ಅಂದ್ರು. ಇದನ್ನ ಯಾವ ಪ್ಲಾಸ್ಟಿಕ್ ಹಲ್ಲೂ ಹೇಳ್ಕೊಟ್ಟಿರ್ಲಿಲ್ಲ, ಅವೆಲ್ಲ ಜಾಹೀರಾತು ಹಲ್ಲುಗಳು, ನೆಟ್ಟಗೆ ಬೆಳ್ಳಗೆ.

ಬಸ್ಸಲ್ಲಿ ವಾಪಸ್ ಬರ್ತಾ ಸರ್‌ಗೆ ಕೇಳೇ ಬಿಟ್ಟೆ, ಪೇಷೆಂಟ್ ಒಪ್ಪಿದ್ರೆ ಇಂಥ ಬಾಯಿಗಳನ್ನೇ ಸ್ಕ್ಯಾನ್ ಮಾಡಿ ತ್ರೀಡಿ ಪ್ರಿಂಟ್ ತೆಗೆದು ಜೂನಿಯರ್ಸ್‌ಗೆ ಕೊಡಬಹುದಲ್ವಾ ಅಂತ. ಎನಾಮಲ್ ಗಟ್ಟಿತನ ಪ್ರಿಂಟಿಗೆ ಹಾಕೋ ರೆಸಿನ್‌ನಲ್ಲಿ ಬರಲ್ಲ, ಗೊತ್ತು, ಗುಳಿ, ಸೊಟ್ಟ ಆದ್ರೂ ಬರತ್ತಲ್ಲ. ಸರ್ ಕಿಟಕಿ ಕಡೆ ನೋಡ್ಕೊಂಡೇ, ರೆಸಿನ್ ಬಾಟ್ಲಿಗೆ ಇಂಡೆಂಟ್ ಬರ್ಕೊಂಡು ಬಾ, ಸೈನ್ ಹಾಕ್ತೀನಿ, ಅದಕ್ಕೂ ಮುಂಚೆ ನಿನ್ 36 ರಿಪೀಟ್ ಮಾಡು ಅಂದ್ರು.