ಅಜ್ಜಿಯ ಮೃತ್ಯುಪತ್ರದೊಳಗಿನ ಒಂದು ‘ಆಂಡ್’

ಜುಲೈ ಮಳೆಯಲ್ಲಿ ಕಾರವಾರದ ಕೋರ್ಟಿನ ಸುತ್ತಮುತ್ತ ಇರುವ ನಮ್ಮಂಥ ಟೈಪಿಂಗ್ ಅಂಗಡಿಗಳಿಗೆ ಗಿರಾಕಿ ಕಮ್ಮಿ. ಕೆಲಸಕ್ಕೆ ಬಂದವರಿಗಿಂತ ಮಳೆಗೆ ನಿಂತವರೇ ಜಾಸ್ತಿ. ಅಂಥದ್ದೊಂದು ದಿನ ಹನ್ನೊಂದರ ಹೊತ್ತಿಗೆ ಅಂಕೋಲೆ ಕಡೆಯ ಅಜ್ಜಿಯೊಬ್ಬರು ಬಂದು ಕೂತರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಇನ್ನೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಪಹಣಿ, ಆಧಾರ್ ಕಾರ್ಡು ಮತ್ತು ನಮ್ಮ ಪಕ್ಕದ ಕೋಣೆಯ ವಕೀಲರು ಕನ್ನಡದಲ್ಲಿ ಬರೆದುಕೊಟ್ಟ ಎರಡು ಹಾಳೆ. ವಕೀಲರು ಅವತ್ತು ಕುಮಟಾ ಕೋರ್ಟಿಗೆ ಹೋಗಿದ್ದರು.

ಹಾಳೆಯಲ್ಲಿದ್ದದ್ದು ಮೃತ್ಯುಪತ್ರ. ಮೈಸೂರು ಕಡೆಯವರು ಉಯಿಲು ಅನ್ನುತ್ತಾರಲ್ಲ, ಅದು. ನಮ್ಮ ಜಿಲ್ಲೆ 1862ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದರಿಂದ ಕೋರ್ಟು ಕಚೇರಿಯ ಮಾತಿನಲ್ಲಿ ನಮಗೆ ಮರಾಠಿ ವಾಸನೆ ಇನ್ನೂ ಹೋಗಿಲ್ಲ. ಒಂದಿಷ್ಟು ಗದ್ದೆ, ಮನೆ, ಹಿತ್ತಲು, ಹಿತ್ತಲಲ್ಲಿ ಎರಡು ಕರಿ ಇಶಾಡು ಮಾವಿನ ಮರ. ಜಾಗ ಹಿರಿ ಮಗನಿಗೆ, ಹಣ್ಣು ಮಾತ್ರ ಮೂರೂ ಮಕ್ಕಳಿಗೆ. ಇದನ್ನು ಇಂಗ್ಲಿಷಿಗೆ ತಿರುಗಿಸಿ ಟೈಪ್ ಮಾಡಬೇಕಿತ್ತು. ಕಾನೂನು ಇಂಗ್ಲಿಷೇ ಬೇಕು ಅನ್ನುವುದಿಲ್ಲ. ಆದರೆ ಪುಣೆಯಲ್ಲಿರುವ ಅಳಿಯನಿಗೆ ಕನ್ನಡ ಓದಲು ಬಾರದು, ಬೆಂಗಳೂರಿನಲ್ಲಿ ವಕೀಲಿಕೆ ಓದುತ್ತಿರುವ ಮೊಮ್ಮಗನಿಗೆ ಇಂಗ್ಲಿಷೇ ಸೈ.

ಆಸ್ತಿಯ ವಿವರ, ಚಕ್ಕುಬಂದಿ ಎಲ್ಲ ಬೇಗ ಮುಗಿಯಿತು. ಕೊನೆಯ ಸಾಲು ಹೀಗಿತ್ತು: ‘ಈ ಮೃತ್ಯುಪತ್ರವನ್ನು ಸ್ವಖುಷಿಯಿಂದ, ಯಾರ ಒತ್ತಾಯ ಒತ್ತಡಗಳಿಲ್ಲದೆ, ಸಾಕ್ಷಿದಾರರ ಸಮಕ್ಷಮ ಬರೆಸಿರುತ್ತೇನೆ.’ ಇಪ್ಪತ್ತು ವರ್ಷದಿಂದ ಟೈಪ್ ಮಾಡುತ್ತಿರುವ ಸಾಲು. ಕೈ ತಾನಾಗಿ ಓಡಿತು: ‘ಐ ಹ್ಯಾವ್ ಎಕ್ಸಿಕ್ಯೂಟೆಡ್ ದಿಸ್ ವಿಲ್ ವಾಲಂಟರಿಲಿ ಆಂಡ್ ವಿದೌಟ್ ಫೋರ್ಸ್ ಆಂಡ್ ಪ್ರೆಷರ್ ಆಂಡ್ ಇನ್ ದಿ ಪ್ರೆಸೆನ್ಸ್ ಆಫ್ ವಿಟ್ನೆಸಸ್.’ ಪಿಡಿಎಫ್ ಮಾಡಿ ಮೊಮ್ಮಗನಿಗೆ ವಾಟ್ಸಾಪ್ ಮಾಡಿದೆ.

ಹತ್ತು ನಿಮಿಷದಲ್ಲಿ ವಾಪಸ್ ಬಂತು. ಮೊದಲನೆಯ ‘ಆಂಡ್’ ಸುತ್ತ ಕೆಂಪು ಸೊನ್ನೆ. ಕೆಳಗೆ ಬರೆದಿದ್ದ: ‘ಒಂದು ಕಡೆ ಆಡ್‌ವರ್ಬ್, ಇನ್ನೊಂದು ಕಡೆ ಪ್ರೆಪೊಸಿಷನಲ್ ಫ್ರೇಸ್. ಪ್ಯಾರಲಲ್ ಇಲ್ಲ. ಫಾರ್ಮಲ್ ಇಂಗ್ಲಿಷಲ್ಲಿ ನಡೆಯಲ್ಲ ಆಂಟಿ.’ ಅಂದರೆ, ‘ವಾಲಂಟರಿಲಿ’ ಒಂದೇ ಶಬ್ದದ ಕ್ರಿಯಾವಿಶೇಷಣ, ‘ವಿದೌಟ್ ಫೋರ್ಸ್’ ಅನ್ನುವುದು ‘ವಿದೌಟ್’ನಿಂದ ಶುರುವಾಗುವ ಪದಗುಚ್ಛ, ‘ಆಂಡ್’ನ ಎರಡೂ ಕಡೆ ಒಂದೇ ರೂಪ ಇಲ್ಲ ಅನ್ನುವುದು ಅವನ ತಕರಾರು.

ಆ ‘ಆಂಟಿ’ ಇಲ್ಲದಿದ್ದರೆ ಸುಮ್ಮನೆ ತಿದ್ದಿ ಕಳಿಸುತ್ತಿದ್ದೆನೋ ಏನೋ.

ಮೊದಲು ತಿದ್ದಲಿಕ್ಕೇ ನೋಡಿದೆ. ಎರಡೂ ಕಡೆ ಆಡ್‌ವರ್ಬ್ ಇಡಬೇಕು ಅಂದರೆ ‘ವಿದೌಟ್ ಪ್ರೆಷರ್’ ಅನ್ನುವುದಕ್ಕೆ ‘ಲಿ’ ಹಚ್ಚಿದ ಒಂದು ಶಬ್ದ ಬೇಕು. ‘ಅನ್‌ಪ್ರೆಷರ್ಡ್‌ಲಿ’ ಅಂತ ಹೊಡೆದೆ. ಕಂಪ್ಯೂಟರ್ ಕೂಡಲೇ ಅದರ ಬುಡಕ್ಕೆ ಕೆಂಪು ಗೆರೆ ಎಳೆಯಿತು, ನನಗೂ ನಗು ಬಂತು. ‘ವಾಲಂಟರಿಲಿ ಆಂಡ್ ಫ್ರೀಲಿ’ ಅಂದರೆ ಒಂದೇ ಮಾತನ್ನು ಎರಡು ಸಲ ಹೇಳಿದ ಹಾಗೆ, ಒತ್ತಡದ ಮಾತೇ ಬಿಟ್ಟುಹೋಯಿತು. ಎರಡೂ ಕಡೆ ಫ್ರೇಸ್ ಇಡೋಣವೆಂದು ‘ಆಫ್ ಮೈ ಓನ್ ವಿಲ್’ ಅಂದೆ. ‘ದಿಸ್ ವಿಲ್ ಆಫ್ ಮೈ ಓನ್ ವಿಲ್.’ ಪತ್ರವೂ ವಿಲ್ಲು, ಮನಸ್ಸೂ ವಿಲ್ಲು. ಅಳಿಸಿದೆ.

ಒತ್ತಡದ ಮಾತನ್ನು ಬಿಡುವ ಹಾಗೂ ಇರಲಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 61ನೇ ಕಲಮಿನ ಪ್ರಕಾರ ಮೋಸದಿಂದ, ಬಲವಂತದಿಂದ, ಇಲ್ಲವೆ ಬರೆಯುವವರಿಗೆ ಸ್ವಂತ ಬುದ್ಧಿಯೇ ನಡೆಯದ ಹಾಗೆ ಬೆನ್ನುಹತ್ತಿ ಕಾಡಿ ಬರೆಸಿಕೊಂಡ ಮೃತ್ಯುಪತ್ರ ಅನೂರ್ಜಿತ. ಪತ್ರದಲ್ಲಿ ಒಂದು ಸಾಲು ಇದ್ದ ಮಾತ್ರಕ್ಕೆ ಒತ್ತಡ ಇರಲಿಲ್ಲ ಅಂತ ಸಾಬೀತಾಗುವುದಿಲ್ಲ, ಅದು ಬೇರೆ. ಆದರೆ ನಾಳೆ ಅಣ್ಣತಮ್ಮಂದಿರು ಕೋರ್ಟಿಗೆ ಹೋದರೆ ಎದುರು ವಕೀಲರ ಬೆರಳು ಮೊದಲು ಬರುವುದು ಇದೇ ಸಾಲಿಗೆ.

ಅಜ್ಜಿ ಇದನ್ನೆಲ್ಲ ನೋಡುತ್ತ ಕೂತಿದ್ದರು. ‘ಎಂತಾ ಆಯ್ತೇ ತಂಗಿ? ಗದ್ದೆ ಬರೆಯೂಕೆ ಹತ್ತು ನಿಮಿಷ, ಈ ಒಂದು ಸಾಲಿಗೆ ಇಷ್ಟೊತ್ತಾ?’

‘ಎರಡು ಮಾತು ಕೂಡಿಸ್ಬೇಕಮ್ಮಾ, ಕೂಡ್ತಾ ಇಲ್ಲ’ ಅಂದೆ.

‘ಎಂತ ಮಾತು?’

‘ನೀವು ನಿಮ್ಮ ಖುಷಿಯಿಂದ ಬರೆಸಿದ್ದು, ಯಾರೂ ಒತ್ತಾಯ ಮಾಡ್ಲಿಲ್ಲ ಅಂತ.’

‘ಹೌದು ಮತ್ತೆ. ನನ್ನ ಖುಷಿಯಿಂದ, ಯಾರೂ ಹೇಳ್ದೇ ಬರೆಸ್ದೆ. ಇದ್ರಲ್ಲಿ ಕೂಡಿಸೂದು ಎಂತ ಉಂಟು?’

ಸರಿಯೇ ಅಲ್ಲವೆ? ‘ಖುಷಿಯಿಂದ’ ಅನ್ನುವುದು ವಿಭಕ್ತಿ ಹತ್ತಿದ ನಾಮಪದ, ‘ಹೇಳದೆ’ ಅನ್ನುವುದು ಕ್ರಿಯಾಪದದಿಂದ ಬಂದದ್ದು. ಜಾತಿ ಬೇರೆ ಬೇರೆ. ನಡುವೆ ‘ಮತ್ತು’ ಕೂಡ ಇಲ್ಲ, ಒಂದು ಉಸಿರು ಬಿಟ್ಟರು ಅಷ್ಟೆ. ಕನ್ನಡದಲ್ಲಿ ಇಂಥವು ಒಂದರ ಪಕ್ಕ ಒಂದು ಸುಮ್ಮನೆ ಕೂತುಕೊಳ್ಳುತ್ತವೆ. ಇಂಗ್ಲಿಷಿನಲ್ಲಿ ನಡುವೆ ‘ಆಂಡ್’ ಬೇಕು. ‘ಆಂಡ್’ ಬಂದ ಕೂಡಲೇ ಎರಡೂ ಕಡೆಯ ತೂಕ ನೋಡುವವರು ಬರುತ್ತಾರೆ.

ಕೊನೆಗೆ ನಮ್ಮ ಅಕ್ಕೋರಿಗೆ ಫೋನ್ ಹಚ್ಚಿದೆ. ಹೈಸ್ಕೂಲಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದವರು, ನಿವೃತ್ತರಾಗಿ ಬಹಳ ವರ್ಷವಾಯಿತು. ಅವರ ಮನೆಯ ತಗಡಿನ ಮೇಲೆ ಮಳೆ ಬೀಳುವ ಸದ್ದಿಗೆ ಅರ್ಧ ಮಾತು ಕೇಳುತ್ತಿರಲಿಲ್ಲ. ಸಾಲು ಓದಿ ಹೇಳಿದೆ.

‘ಆ ಹುಡುಗನಿಗೆ ಯಾರೋ ಅರ್ಧ ಪಾಠ ಹೇಳಿಕೊಟ್ಟಿದ್ದಾರೆ’ ಅಂದರು. ‘ಜಾತಿ ಒಂದೇ ಇರಬೇಕು ಅಂತ ಯಾರಂದರು? ಕೆಲಸ ಒಂದೇ ಇರಬೇಕು. ಕ್ರಿಯಾಪದಕ್ಕೆ ಒಂದು ಪ್ರಶ್ನೆ ಕೇಳು. ಬರೆಸಿದ್ದು ಹೇಗೆ? ವಾಲಂಟರಿಲಿ. ಬರೆಸಿದ್ದು ಹೇಗೆ? ವಿದೌಟ್ ಪ್ರೆಷರ್. ಎರಡೂ ಅದೇ ಪ್ರಶ್ನೆಗೆ ಉತ್ತರ ಕೊಡ್ತಾವಾ? ಕೊಡ್ತಾವೆ. ಮತ್ತೆ ಒಂದನ್ನು ಮುಚ್ಚಿ ಇನ್ನೊಂದನ್ನು ಓದು. ವಾಕ್ಯ ನಿಲ್ತದಾ? ನಿಲ್ತದೆ. ಮುಗೀತು.’

‘ಹಾಗಾದ್ರೆ ಪ್ಯಾರಲಲ್ ಅನ್ನೋದು?’

‘ಒಂದೇ ತರದ್ದು ಸಿಕ್ಕಿದರೆ ಓದಲಿಕ್ಕೆ ಚಂದ. ಸಿಗದಿದ್ದರೆ ಹುಟ್ಟಿಸಲಿಕ್ಕೆ ಹೋಗಬಾರದು. ಮತ್ತೆ ಸಣ್ಣದು ಮುಂದೆ ಇರಲಿ, ಉದ್ದದ್ದು ಹಿಂದೆ, ಫೋಟೋಕ್ಕೆ ನಿಲ್ಲಿಸಿದ ಹಾಗೆ. ವಿದೌಟ್ ಪ್ರೆಷರ್ ಆಂಡ್ ವಾಲಂಟರಿಲಿ ಅಂದ್ರೆ ತಪ್ಪಲ್ಲ, ಆದರೆ ಕಿವಿ ಎಡವುತ್ತದೆ.’

ಆಮೇಲೆ ಅವರೊಂದು ಕನ್ನಡ ವಾಕ್ಯ ಹೇಳಿದರು: ‘ಅವನು ಸಿಟ್ಟಿನಿಂದಲೂ ಬಸ್ಸಿನಿಂದಲೂ ಇಳಿದ.’ ನಾನು ನಕ್ಕಿದ್ದಕ್ಕೆ ಅಜ್ಜಿಯೂ ಏನೆಂದು ಕೇಳಿ ನಕ್ಕರು. ‘ನೋಡು, ಎರಡಕ್ಕೂ ಅದೇ ‘ಇಂದ’. ರೂಪದಲ್ಲಿ ಅವಳಿಜವಳಿ. ಆದರೂ ಕೂಡ್ತಾವಾ? ಇಲ್ಲ, ಯಾಕಂದರೆ ಒಂದು ಹೇಗೆ ಇಳಿದ ಅಂತ ಹೇಳ್ತದೆ, ಇನ್ನೊಂದು ಎಲ್ಲಿಂದ ಇಳಿದ ಅಂತ ಹೇಳ್ತದೆ. ಇಂಗ್ಲಿಷಲ್ಲೂ ಹಾಗೇ. ಶಿ ಕೇಮ್ ಕ್ವೈಟ್ಲಿ ಆಂಡ್ ಬೈ ಬಸ್ ಅಂದರೆ ಜನ ನಗ್ತಾರೆ. ಕ್ವೈಟ್ಲಿ ಆಂಡ್ ವಿದೌಟ್ ಎ ವರ್ಡ್ ಅಂದರೆ ಯಾರೂ ನಗೂದಿಲ್ಲ.’

‘ಹುಡುಗ ನಂಬೂದಿಲ್ಲ ಅಕ್ಕೋರೇ. ವಕೀಲಿಕೆ ಓದ್ತಿದ್ದಾನೆ.’

‘ವಕೀಲಿಕೆಯಾ? ಮತ್ತೆ ಸಂವಿಧಾನ ತೆಗೆದು ತೋರಿಸು. ಮೂರನೇ ಅನುಸೂಚಿ. ನ್ಯಾಯಾಧೀಶರ ಪ್ರಮಾಣವಚನ.’

ಪಕ್ಕದ ವಕೀಲರ ಗುಮಾಸ್ತನಿಗೆ ಹೇಳಿ ಕಪಾಟು ತೆಗೆಸಿದೆ. ಮಳೆಗಾಲದ ಪುಸ್ತಕ, ಹಾಳೆ ಒಂದಕ್ಕೊಂದು ಅಂಟಿಕೊಂಡಿತ್ತು. ಹಿಂದಿನ ಪುಟಗಳಲ್ಲಿ ಸಿಕ್ಕಿತು, ನಾಲ್ಕನೇ ನಮೂನೆ: ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೂ ಭಾರತದ ನಿಯಂತ್ರಕ-ಮಹಾಲೇಖಪಾಲರೂ (ಸಿಎಜಿ) ಅಧಿಕಾರ ವಹಿಸಿಕೊಳ್ಳುವಾಗ ಓದುವ ಮಾತು. ‘ದ್ಯಾಟ್ ಐ ವಿಲ್ ಡ್ಯೂಲಿ ಆಂಡ್ ಫೇತ್‌ಫುಲಿ ಆಂಡ್ ಟು ದಿ ಬೆಸ್ಟ್ ಆಫ್ ಮೈ ಎಬಿಲಿಟಿ, ನಾಲೆಜ್ ಆಂಡ್ ಜಡ್ಜ್‌ಮೆಂಟ್ ಪರ್ಫಾರ್ಮ್ ದಿ ಡ್ಯೂಟೀಸ್ ಆಫ್ ಮೈ ಆಫೀಸ್ ವಿದೌಟ್ ಫಿಯರ್ ಆರ್ ಫೇವರ್, ಅಫೆಕ್ಷನ್ ಆರ್ ಇಲ್‌-ವಿಲ್.’

ಎರಡು ಆಡ್‌ವರ್ಬು, ಅದರ ಬೆನ್ನಿಗೆ ‘ಆಂಡ್’ ಹಾಕಿ ಒಂದು ಉದ್ದದ ಪ್ರೆಪೊಸಿಷನಲ್ ಫ್ರೇಸು. ಸಣ್ಣದು ಮುಂದೆ, ಉದ್ದದ್ದು ಹಿಂದೆ. ಇದಕ್ಕಿಂತ ಫಾರ್ಮಲ್ ಇಂಗ್ಲಿಷು ಈ ದೇಶದಲ್ಲಿ ಇನ್ನೆಲ್ಲಿ ಹುಡುಕುವುದು? ಬೆರಳಿನಿಂದ ಹಾಳೆ ಒತ್ತಿ ಹಿಡಿದು ಫೋಟೋ ತೆಗೆದೆ. ರವೀಂದ್ರನಾಥ ಠಾಕೂರರ ಅಣ್ಣ ಸತ್ಯೇಂದ್ರನಾಥರು ಜಿಲ್ಲಾ ನ್ಯಾಯಾಧೀಶರಾಗಿದ್ದ ಊರು ಇದು, ನಮ್ಮ ಇಂಗ್ಲಿಷಿಗೂ ಒಂದಿಷ್ಟು ವಯಸ್ಸಾಗಿದೆ ಮಗಾ ಅಂತ ಬರೆಯಬೇಕು ಅನ್ನಿಸಿತು. ಬರೆಯಲಿಲ್ಲ.

ಬರೆಯದೇ ಇದ್ದದ್ದು ಒಳ್ಳೆಯದಾಯಿತು. ಯಾಕೆಂದರೆ ಕಳಿಸುವ ಮುಂಚೆ ಆ ಪ್ರಮಾಣವಚನವನ್ನು ಇನ್ನೊಮ್ಮೆ ಓದಿದಾಗ ನನ್ನ ಸಾಲಿನದೇ ಎರಡು ತಪ್ಪು ಕಣ್ಣಿಗೆ ಬಿತ್ತು. ಹುಡುಗ ಸೊನ್ನೆ ಹಾಕಿದ್ದು ಮೊದಲನೆಯ ‘ಆಂಡ್’ಗೆ. ಹಾಕಬೇಕಿದ್ದದ್ದು ಎರಡನೆಯದಕ್ಕೂ ಮೂರನೆಯದಕ್ಕೂ.

ಅಲ್ಲಿ ‘ವಿದೌಟ್ ಫಿಯರ್ ಆರ್ ಫೇವರ್’ ಅಂತಿದೆ, ‘ಆಂಡ್ ಫೇವರ್’ ಅಂತಿಲ್ಲ. ನನ್ನದು ‘ವಿದೌಟ್ ಫೋರ್ಸ್ ಆಂಡ್ ಪ್ರೆಷರ್’. ಕೊಂಕು ಹುಡುಕುವವರು ಬಲವಂತ, ಒತ್ತಡ ಎರಡೂ ಒಟ್ಟಿಗೆ ಇರಲಿಲ್ಲ, ಒಂದು ಇದ್ದಿರಬಹುದು ಅಂತ ಎಳೆಯಬಹುದು. ಕನ್ನಡದಲ್ಲಿ ‘ಒತ್ತಾಯವಾಗಲೀ ಒತ್ತಡವಾಗಲೀ ಇಲ್ಲದೆ’ ಅನ್ನುವ ಆ ‘ಆಗಲೀ’ ಇದೆಯಲ್ಲ, ಇಂಗ್ಲಿಷಿನ ‘ವಿದೌಟ್’ ಹಿಂದೆ ಆ ಕೆಲಸ ‘ಆರ್’ ಮಾಡುತ್ತದೆ.

ಮೂರನೆಯದು ಇನ್ನೂ ಕೆಟ್ಟದ್ದು. ‘ವಿದೌಟ್ ಪ್ರೆಷರ್ ಆಂಡ್ ಇನ್ ದಿ ಪ್ರೆಸೆನ್ಸ್ ಆಫ್ ವಿಟ್ನೆಸಸ್.’ ಅಕ್ಕೋರ ಪ್ರಶ್ನೆ ಹಾಕಿ ನೋಡಿದೆ. ಹೇಗೆ ಬರೆಸಿದ್ದು? ಒತ್ತಡವಿಲ್ಲದೆ. ಹೇಗೆ ಬರೆಸಿದ್ದು? ಸಾಕ್ಷಿದಾರರ ಎದುರು! ಅದು ‘ಹೇಗೆ’ಗೆ ಉತ್ತರವಲ್ಲ, ‘ಯಾರ ಎದುರು’ ಅನ್ನುವುದಕ್ಕೆ. ಎರಡೂ ಕಡೆ ಪ್ರೆಪೊಸಿಷನಲ್ ಫ್ರೇಸೇ, ರೂಪಕ್ಕೆ ರೂಪ ತಾಳೆ. ಆದರೂ ಇದು ಸಿಟ್ಟಿನಿಂದಲೂ ಬಸ್ಸಿನಿಂದಲೂ ಇಳಿದವನ ಕಥೆಯೇ. ಸಾಲದ್ದಕ್ಕೆ, ಅವಸರದಲ್ಲಿ ಓದಿದರೆ ಸಾಕ್ಷಿದಾರರ ಎದುರು ಮಾತ್ರ ಒತ್ತಡ ಇರಲಿಲ್ಲ, ಮನೆಯಲ್ಲಿ ಇತ್ತೋ ಏನೋ ಅನ್ನುವ ಹಾಗೂ ಕೇಳುತ್ತದೆ. ಎಷ್ಟು ಮೃತ್ಯುಪತ್ರಗಳಲ್ಲಿ ಇದನ್ನೇ ಹೊಡೆದು ಕಳಿಸಿದ್ದೇನೋ! ಲೆಕ್ಕ ಹಾಕಲಿಕ್ಕೆ ಹೋಗಲಿಲ್ಲ.

ಸಾಲು ಒಡೆದೆ. ‘ಐ ಹ್ಯಾವ್ ಮೇಡ್ ದಿಸ್ ವಿಲ್ ವಾಲಂಟರಿಲಿ ಆಂಡ್ ವಿದೌಟ್ ಎನಿ ಕೊಅರ್ಷನ್ ಆರ್ ಅಂಡ್ಯೂ ಇನ್‌ಫ್ಲುಯೆನ್ಸ್.’ ಚುಕ್ಕಿ. ಸಾಕ್ಷಿದಾರರದ್ದು ಬೇರೆ ವಾಕ್ಯ. 63ನೇ ಕಲಮಿನ ಪ್ರಕಾರ ಇಬ್ಬರಾದರೂ ಸಾಕ್ಷಿ ಬೇಕು, ಅವರಿಗೂ ಒಂದು ವಾಕ್ಯದ ಮರ್ಯಾದೆ ಸಲ್ಲಬೇಕಲ್ಲ. ಹೊಸ ಪಿಡಿಎಫ್ ಜೊತೆಗೆ ಸಂವಿಧಾನದ ಫೋಟೋವನ್ನೂ ಕಳಿಸಿದೆ. ನನ್ನ ಎರಡು ತಪ್ಪನ್ನೂ ಬರೆದೆ. ಬರೆಯದಿದ್ದರೆ ಅಕ್ಕೋರಿಗೆ ಮುಖ ತೋರಿಸುವ ಹಾಗಿರಲಿಲ್ಲ.

ಅರ್ಧ ಗಂಟೆ ಸುದ್ದಿಯೇ ಇಲ್ಲ. ಆ ಹೊತ್ತಿನಲ್ಲಿ ಅಜ್ಜಿಗೆ ಇಡೀ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿದೆ. ಬರೆಸಿದವರಿಗೆ ತಿಳಿಯದ ಭಾಷೆಯಲ್ಲಿ ಪತ್ರ ಇದ್ದರೆ ಓದಿ ತಿಳಿಸಿದ್ದೇವೆ ಅಂತ ಒಂದು ಸಾಲು ಸೇರಿಸುವುದು ರೂಢಿ, ಓದದೇ ಆ ಸಾಲು ಬರೆಯಲು ನನಗೆ ಮನಸ್ಸಾಗುವುದಿಲ್ಲ. ಮಾವಿನ ಮರ ಬಂದಲ್ಲಿ ಅಜ್ಜಿ ಕೈ ಎತ್ತಿ ನಿಲ್ಲಿಸಿದರು. ‘ಬಾವಿ ಬದಿದು ಒಂದು, ಕೊಟ್ಟಿಗೆ ಹಿಂದಿಂದು ಒಂದು ಅಂತ ಬರಿ. ಆಮೇಲೆ ಯಾವ ಮರ ಅಂತ ಜಗಳ ಬರೂದು ಬ್ಯಾಡ.’ ಬರೆದೆ. ಇಂಗ್ಲಿಷಿನಲ್ಲಿ ಅದೂ ಎರಡು ಫ್ರೇಸು, ನಡುವೆ ಒಂದು ‘ಆಂಡ್’. ಎರಡೂ ‘ಎಲ್ಲಿ’ ಅನ್ನುವುದಕ್ಕೇ ಉತ್ತರ.

ಮೊಮ್ಮಗನ ಉತ್ತರ ಬಂತು: ‘ಓಕೆ.’ ಅದರ ಕೆಳಗೆ ಇನ್ನೊಂದು: ‘ಥ್ಯಾಂಕ್ಸ್ ಮೇಡಂ.’

ಸಹಿ ಮರುದಿನಕ್ಕೆ, ವಕೀಲರು ಬಂದ ಮೇಲೆ. ಅಜ್ಜಿ ಹಾಳೆಗಳನ್ನು ಚೀಲದೊಳಗಿನ ಚೀಲಕ್ಕೆ ಸೇರಿಸಿ, ಸೆರಗಿನ ಗಂಟು ಬಿಚ್ಚುತ್ತ ಕೇಳಿದರು, ‘ಎಷ್ಟಾಯ್ತೇ ತಂಗಿ?’

ಪುಟದ ಲೆಕ್ಕ ಹೇಳಿದೆ.

‘ಅಷ್ಟೇಯಾ? ಆ ಒಂದು ಸಾಲಿಗೆ ಬೇರೆ ದುಡ್ಡು ಇಲ್ವಾ?’