ಖಾಲಿಯಾಗದ ಪೆಟ್ಟಿಗೆ

ಕಳೆದ ಭಾನುವಾರ ರಾತ್ರಿ ಹನ್ನೊಂದೂವರೆಯ ಹೊತ್ತಿಗೆ, ಮಂಡ್ಯದ ಒಂದು ಛತ್ರದ ಮೆಟ್ಟಿಲ ತಿರುವಿನಲ್ಲಿ, ಗಿಟಾರಿನ ದನಿಯನ್ನು ದೊಡ್ಡದು ಮಾಡುವ ಪೆಟ್ಟಿಗೆಯಾದ ನನ್ನ ಆಂಪಿನ ಇನ್ನೊಂದು ಬದಿಯನ್ನು ಹಿಡಿದಿದ್ದ ಹುಡುಗ ಅದನ್ನು ನೆಲಕ್ಕಿಟ್ಟು, ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ ಕೇಳಿದ: "ಮುಗದ ಮ್ಯಾಲೂ ಅಷ್ಟ ವಜ್ಜಿ ಐತಲ್ರಿ ಸರ! ಇದು ಖಾಲಿ ಆಗಂಗಿಲ್ಲೇನ್ರಿ?"

ನಾನು ನಕ್ಕೆ. "ಇಲ್ಲಪ್ಪ, ಇದು ಖಾಲಿ ಆಗೋ ಸಾಮಾನಲ್ಲ" ಎಂದೆ. ಅವನು ನಗಲಿಲ್ಲ. ಅವನು ಅಡುಗೆಯವರ ಕಡೆಯ ಹುಡುಗ, ಯಾದಗಿರಿ ಸೀಮೆಯವನು. ಬೆಳಗಿನಿಂದ ಅವನು ಮೇಲಕ್ಕೆ ಹೊತ್ತದ್ದೆಲ್ಲ ರಾತ್ರಿ ಹಗುರವಾಗಿ ಕೆಳಗಿಳಿದಿತ್ತು. ಅನ್ನದ ಕೊಳದಪ್ಪಲೆ, ನೀರಿನ ಕ್ಯಾನು, ಐಸ್‌ಕ್ರೀಮಿನ ಪೆಟ್ಟಿಗೆ, 19 ಕಿಲೋ ಅನಿಲದ ದೊಡ್ಡ ಸಿಲಿಂಡರು, ಎಲ್ಲಕ್ಕೂ ಅದೇ ನಿಯಮ. ಸಂಜೆ ನನ್ನೊಡನೆ ಹೊತ್ತ ಕಪ್ಪು ಪೆಟ್ಟಿಗೆಯೊಂದೇ ಆ ನಿಯಮವನ್ನು ಮುರಿದಿತ್ತು. ಆ ಪ್ರಶ್ನೆಯಲ್ಲಿ ತಮಾಷೆಯೇನೂ ಇರಲಿಲ್ಲವೆಂಬುದು ನನಗೆ ಹೊಳೆದದ್ದು ಮದ್ದೂರು ದಾಟಿದ ಮೇಲೆ.

ಸಂಜೆ ನಡೆದದ್ದಿಷ್ಟು. ಆರತಕ್ಷತೆಯ ಹಾಲು ಎರಡನೆಯ ಮಹಡಿಯಲ್ಲಿತ್ತು. ಲಿಫ್ಟಿನ ಎದುರು ಕುರ್ಚಿ ಹಾಕಿಕೊಂಡು ಕುಳಿತಿದ್ದ ಮ್ಯಾನೇಜರರು "ಲಿಫ್ಟು ಜನಕ್ಕೆ ಮಾತ್ರ ಸಾರ್, ಸಾಮಾನಿಗೆ ಬಿಡಲ್ಲ" ಎಂದರು. ಇಂಥ ಮ್ಯಾನೇಜರರನ್ನು ಇಪ್ಪತ್ತೈದು ವರ್ಷಗಳಿಂದ ನೋಡುತ್ತಿದ್ದೇನೆ. ಲಿಫ್ಟಿನ ವಿಷಯದಲ್ಲಿ ಅವರಿಗಿರುವ ನಿಷ್ಠೆ ಶೌಚಾಲಯದ ನೀರಿನ ವಿಷಯದಲ್ಲಿ ಇರುವುದನ್ನು ನಾನು ಕಂಡಿಲ್ಲ. ನಮ್ಮ ಕೀಬೋರ್ಡಿನವರು ತಮ್ಮ ವಾದ್ಯವನ್ನು ಹೆಗಲಿಗೇರಿಸಿಕೊಂಡು, "ಗುರುವೇ, ಇದನ್ನ ಮಾರಿಬಿಡು ಅಂತ ಎಷ್ಟು ಸಲ ಹೇಳಿದೀನಿ" ಎಂದು ಉಪದೇಶ ಮಾಡಿ ಮೇಲೆ ಹೋದರು. ಒಂದು ಕೈ ಹಾಕಲಿಲ್ಲ. ಅಷ್ಟರಲ್ಲಿ ಸಿಲಿಂಡರ್ ಇಳಿಸಿ ಬರುತ್ತಿದ್ದ ಈ ಹುಡುಗ ಯಾರೂ ಕೇಳದೆಯೇ ಬಂದು ಇನ್ನೊಂದು ಬದಿ ಹಿಡಿದ. 44 ಮೆಟ್ಟಿಲು. ನಾನು ಎಣಿಸಿದ್ದೇನೆ, ಆಂಪ್ ಹೊರುವವರೆಲ್ಲ ಎಣಿಸುತ್ತಾರೆ.

ಆಂಪು ಫೆಂಡರ್ ಕಂಪನಿಯ ಟ್ವಿನ್ ರಿವರ್ಬ್. 85 ವ್ಯಾಟ್, 12 ಇಂಚಿನ ಎರಡು ಸ್ಪೀಕರು, ನಮ್ಮ ಅಜ್ಜಂದಿರ ರೇಡಿಯೊಗಳಲ್ಲಿ ಇದ್ದಂಥ ಗಾಜಿನ ವಾಲ್ವುಗಳು ಹತ್ತು. ತೂಕ 29 ಕಿಲೋ. ಮನೆಯ ಅಡುಗೆ ಅನಿಲದ ಸಿಲಿಂಡರಿನಲ್ಲಿ ಅನಿಲ 14.2 ಕಿಲೋ, ಕಬ್ಬಿಣ ಹೆಚ್ಚುಕಡಿಮೆ ಇನ್ನೊಂದು 15. ಅಂದರೆ ನಾನು ಒಂದು ತುಂಬಿದ ಸಿಲಿಂಡರನ್ನು ಹೊತ್ತುಕೊಂಡು ಊರೂರು ಸುತ್ತಿ ಹಾಡಿನ ಕಾರ್ಯಕ್ರಮಗಳಿಗೆ ಗಿಟಾರ್ ನುಡಿಸುತ್ತಿದ್ದೇನೆ. ಸಿಲಿಂಡರಿಗಾದರೆ ಹಿಡಿಯಲು ಸುತ್ತಲೂ ಉಂಗುರವಿದೆ, ಉರುಳಿಸಲೂಬಹುದು. ಇದಕ್ಕಿರುವುದು ನೆತ್ತಿಯ ನಟ್ಟನಡುವೆ ಒಂದೇ ಪಟ್ಟಿ. ಒಬ್ಬರೇ ಎತ್ತಿದರೆ ದೇಹ ಒಂದು ಕಡೆಗೆ ವಾಲುತ್ತದೆ, ಪ್ರತಿ ಹೆಜ್ಜೆಗೂ ಪೆಟ್ಟಿಗೆಯ ಲೋಹದ ಮೂಲೆ ಮೊಣಕಾಲ ಕೆಳಗಿನ ಮೂಳೆಗೆ ಬಡಿಯುತ್ತದೆ. ನನ್ನ ಬಲಗಾಲಿನಲ್ಲಿ ಅದರ ಕಲೆ ಇದೆ. ಸಿಲಿಂಡರಿನ ಕೊರಳಪಟ್ಟಿಯ ಮೇಲೆ ಖಾಲಿ ತೂಕವನ್ನು ಅಚ್ಚೊತ್ತಿರುತ್ತಾರೆ. ನನ್ನ ಆಂಪಿನ ಬೆನ್ನಿನ ಮೇಲೆ ಎಷ್ಟು ವೋಲ್ಟ್ ಕೊಡಬೇಕೆಂದು ಬರೆದಿದೆಯೇ ಹೊರತು ತೂಕದ ಸುದ್ದಿಯಿಲ್ಲ.

ವೋಲ್ಟಿನದೂ ಒಂದು ಭಾರವೇ. 2011ರಲ್ಲಿ ನನ್ನ ಚಿಕ್ಕಪ್ಪನ ಮಗ ಅಮೆರಿಕ ಬಿಟ್ಟು ಊರಿಗೆ ಮರಳುವಾಗ ಮನೆ ಸಾಮಾನಿನ ಜೊತೆ ತಂದುಕೊಟ್ಟ ಆಂಪಿದು, ಆದ್ದರಿಂದ ಅದಕ್ಕೆ ಬೇಕಾದದ್ದು ಅಲ್ಲಿಯ 120 ವೋಲ್ಟ್. ನಮ್ಮ 230ನ್ನು ಇಳಿಸಿಕೊಡಲು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹೇಳಿ ಸುತ್ತಿಸಿದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇನ್ನೊಂದು 6 ಕಿಲೋ. ಅದನ್ನು ಬಟ್ಟೆಯ ಕೈಚೀಲದಲ್ಲಿ ಒಯ್ಯುತ್ತೇನೆ. ನೋಡಿದವರು ತೆಂಗಿನಕಾಯಿ ಎಂದುಕೊಳ್ಳುತ್ತಾರೆ.

ಇಷ್ಟೆಲ್ಲ ಹೊತ್ತು ಮೇಲೆ ಏರಿಸಿದ ಮೇಲೆ ಏನಾಯಿತೆಂದರೆ, ಸೌಂಡಿನ ಹುಡುಗ ಆಂಪಿನ ಮುಂದೆ ಒಂದು ಮೈಕು ನಿಲ್ಲಿಸಿದ, ಎರಡು ಮೀಟು ಕೇಳಿದ, "ಸರ್, ಸ್ವಲ್ಪ ಕಡಿಮೆ ಮಾಡಿ" ಎಂದ. ಹತ್ತರವರೆಗೆ ತಿರುಗುವ ಗುಂಡಿಯನ್ನು ಎರಡೂವರೆಯಿಂದ ಎರಡಕ್ಕೆ ಇಳಿಸಿದೆ. ಅವನು ಮತ್ತೆ ಬಂದು, ಬಹಳ ವಿನಯದಿಂದ, "ಸರ್, ತಪ್ಪು ತಿಳ್ಕೋಬೇಡಿ, ಆಂಪನ್ನ ಗೋಡೆ ಕಡೆ ತಿರುಗಿಸಿಬಿಡೋಣ್ವಾ?" ಎಂದ. ಅವನ ತಪ್ಪಿಲ್ಲ. ಟ್ವಿನ್ ಬಂದದ್ದು, ವೇದಿಕೆಯಿಂದ ಸಭಾಂಗಣದ ಕೊನೆಯ ಸಾಲಿನವರೆಗೆ ಗಿಟಾರಿನ ದನಿಯನ್ನು ಆಂಪೇ ಮುಟ್ಟಿಸಬೇಕಾಗಿದ್ದ ಕಾಲದಲ್ಲಿ. ಈಗ ಆ ಕೆಲಸವನ್ನು ಹಾಲಿನ ಸೌಂಡ್ ಸಿಸ್ಟಂ ಮಾಡುತ್ತದೆ. ಆರುನೂರು ಜನ ಊಟ ಮುಗಿಸಿ ಫೋಟೊಕ್ಕೆ ಸಾಲು ನಿಂತಿದ್ದಾಗ ಅವರ ಕಿವಿಗೆ ಬಿದ್ದದ್ದು ಮೈಕಿನಿಂದ ಮಿಕ್ಸರಿಗೆ, ಮಿಕ್ಸರಿನಿಂದ ದೊಡ್ಡ ಸ್ಪೀಕರುಗಳಿಗೆ ಹೋದ ನಾದ. ಆಂಪಿನ ನಿಜವಾದ ನಾದವನ್ನು ಕೇಳಿದವನು ನಾನೊಬ್ಬನೇ. ಗೋಡೆಯನ್ನು ಲೆಕ್ಕಕ್ಕೆ ಹಿಡಿದರೆ ಇಬ್ಬರು.

ಇದು ಖಾಲಿ ಆಗಂಗಿಲ್ಲೇನ್ರಿ? ಈ ವಾರವೆಲ್ಲ ಆ ಮಾತು ಕಿವಿಯಲ್ಲಿ ಕುಳಿತಿದೆ. ಆ ಪೆಟ್ಟಿಗೆಯಲ್ಲಿ ಅಷ್ಟು ಭಾರವಾದದ್ದು ಏನಿದೆ ಎಂದು ಅವನು ಕೇಳಿದ್ದರೆ ನನ್ನಲ್ಲಿ ಉತ್ತರವಿತ್ತು. ಇರುವುದು ಹೆಚ್ಚಾಗಿ ಕಬ್ಬಿಣ. ಗೋಡೆಯ ಕರೆಂಟನ್ನು ವಾಲ್ವುಗಳಿಗೆ ಬೇಕಾದ ನಾನೂರಕ್ಕೂ ಹೆಚ್ಚಿನ ವೋಲ್ಟಿಗೆ ಏರಿಸುವ ಟ್ರಾನ್ಸ್‌ಫಾರ್ಮರ್ ಒಂದು, ವಾಲ್ವುಗಳಿಂದ ಬಂದದ್ದನ್ನು ಸ್ಪೀಕರು ತಾಳಿಕೊಳ್ಳುವಂತೆ ಇಳಿಸಿಕೊಡುವ ಟ್ರಾನ್ಸ್‌ಫಾರ್ಮರ್ ಇನ್ನೊಂದು. ನಮ್ಮ ಮನೆಗಳ ಕರೆಂಟು ಸೆಕೆಂಡಿಗೆ 100 ಸಲ ಮಾತ್ರ ದಿಕ್ಕು ಬದಲಿಸುತ್ತದೆ. ಅಷ್ಟು ನಿಧಾನದ ಕರೆಂಟನ್ನು ನಿಭಾಯಿಸಲು ದಪ್ಪ ಕಬ್ಬಿಣದ ತಿರುಳು, ಸೇರುಗಟ್ಟಲೆ ತಾಮ್ರದ ತಂತಿ ಬೇಕು. ಇದೇ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ತುಂಡರಿಸಿ ಕೊಟ್ಟರೆ ಬೆಂಕಿಪೊಟ್ಟಣದಷ್ಟು ಟ್ರಾನ್ಸ್‌ಫಾರ್ಮರ್ ಸಾಕಾಗುತ್ತದೆ. ಹಿಂದೆ ಮೊಬೈಲ್ ಚಾರ್ಜರುಗಳು ಕಲ್ಲಿನಂತೆ ಇದ್ದು ಈಗ ಹಗುರವಾಗಿರುವುದು ಇದೇ ಕಾರಣಕ್ಕೆ. ಮಿಕ್ಕ ಭಾರ ಮರದ್ದು ಮತ್ತು ಸ್ಪೀಕರುಗಳ ಬೆನ್ನಿಗಂಟಿದ ಅಯಸ್ಕಾಂತದ್ದು. ಫೆರೈಟ್ ಅಯಸ್ಕಾಂತದ 12 ಇಂಚಿನ ಸ್ಪೀಕರು ನಾಲ್ಕೂವರೆ ಕಿಲೋ ತೂಗಬಲ್ಲುದು, ನಿಯೋಡೈಮಿಯಮ್ಮಿನದು ಸುಮಾರು ಎರಡು ಕಿಲೋಗೆ ಮುಗಿಯುತ್ತದೆ. ವಾಲ್ವು ಇಲ್ಲದಿದ್ದರೆ ಭಾರವೂ ಇರುವುದಿಲ್ಲ ಎಂದು ಮಾತ್ರ ತಿಳಿಯಬೇಡಿ. ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುವ ರೋಲೆಂಡ್ ಜೆಸಿ-120 ಎಂಬ ಆಂಪು 1975ರಲ್ಲಿ ಬಂದದ್ದು, ಅದರಲ್ಲಿ ಒಂದೂ ವಾಲ್ವಿಲ್ಲ. ಆದರೂ 28 ಕಿಲೋ. ಅದಕ್ಕೆ ಚಕ್ರಗಳಿವೆ. ಚಕ್ರಗಳು ಮೆಟ್ಟಿಲು ಹತ್ತುವುದಿಲ್ಲ.

ಹಗುರ ಮಾಡುವ ದಾರಿಗಳೆಲ್ಲ ಈಗಾಗಲೇ ಬಂದಿವೆ. 2019ರಲ್ಲಿ ಫೆಂಡರಿನವರೇ ಟೋನ್ ಮಾಸ್ಟರ್ ಎಂಬ ಹೆಸರಿನಲ್ಲಿ ಇದೇ ಟ್ವಿನ್ನನ್ನು, ಹೊರಗಿನಿಂದ ಗುರುತು ಹತ್ತದಷ್ಟು ಅದೇ ರೂಪದಲ್ಲಿ, ಒಳಗೆ ವಾಲ್ವಿನ ಬದಲು ಕಂಪ್ಯೂಟರ್ ಚಿಪ್ಪು ಮತ್ತು ನಿಯೋಡೈಮಿಯಮ್ ಸ್ಪೀಕರು ಇಟ್ಟು ತಯಾರಿಸಿದರು. ತೂಕ ಸುಮಾರು 15 ಕಿಲೋ. ಗೆಳೆಯರೊಬ್ಬರ ಮನೆಯಲ್ಲಿ ಅದನ್ನು ಒಂದು ಮಧ್ಯಾಹ್ನ ನುಡಿಸಿದ್ದೇನೆ. ಮೊದಲ ಹಾಡಿನಲ್ಲಿ ವ್ಯತ್ಯಾಸ ಹುಡುಕಿದೆ, ಎರಡನೆಯದರಲ್ಲಿ ಸಿಕ್ಕಿತೆಂದುಕೊಂಡೆ, ನಾಲ್ಕನೆಯ ಹಾಡಿನ ಹೊತ್ತಿಗೆ ಹುಡುಕುವುದನ್ನು ಮರೆತಿದ್ದೆ. ಮನೆಗೆ ಬಂದು ಹೆಂಡತಿಗೆ ಮಾತ್ರ "ಏನೋ ಒಂದು ಕಡಿಮೆ ಇದೆ" ಎಂದು ಹೇಳಿದೆ. ಕಡಿಮೆ ಇದ್ದದ್ದು 14 ಕಿಲೋ.

ನಮ್ಮ ತಂಡದ ಇನ್ನೊಬ್ಬ ಗಿಟಾರ್ ವಾದಕನಿಗೆ ಇಪ್ಪತ್ನಾಲ್ಕು ವರ್ಷ. ಅವನ ಆಂಪೆಂದರೆ ನೆಲದ ಮೇಲಿಡುವ, ಕಿಲೋ ಚಿಲ್ಲರೆ ತೂಗುವ, ಬೇರೆ ಬೇರೆ ಆಂಪುಗಳ ದನಿಯನ್ನು ಅನುಕರಿಸುವ ಒಂದು ಮಾಡೆಲರ್ ಪೆಡಲು. ಅದರೊಳಗೆ ಟ್ವಿನ್ನೂ ಇದೆ, ಮಾರ್ಷಲ್ಲೂ ಇದೆ, ಎಲ್ಲವೂ ಇದೆ. ಭಾನುವಾರ ಅವನು ಬಸ್ಸಿನಲ್ಲಿ ಬಂದ, ಹತ್ತು ನಿಮಿಷದಲ್ಲಿ ಸಿದ್ಧನಾದ, ಕಾರ್ಯಕ್ರಮ ಮುಗಿದದ್ದೇ ಪಾಯಸವೂ ಸೇರಿದಂತೆ ಊಟ ಮಾಡಿದ. ಬಿಸಿಯಾದ ವಾಲ್ವುಗಳನ್ನು ಅಲುಗಿಸಿದರೆ ಬೇಗ ಕೆಡುತ್ತವೆಂದು ನಾನು ಖಾಲಿ ವೇದಿಕೆಯಲ್ಲಿ ಆಂಪು ತಣ್ಣಗಾಗುವುದನ್ನೇ ಕಾಯುತ್ತಾ ಕುಳಿತಿದ್ದಾಗ, ಹೂವಿನ ಅಲಂಕಾರದವರು ನನ್ನ ಸುತ್ತಲಿನ ಮಂಟಪವನ್ನೇ ಬಿಚ್ಚಿಕೊಂಡು ಹೋದರು. ಆ ಗಿಟಾರ್ ಹುಡುಗನ ಮೇಲೆ ನನಗೆ ಸಿಟ್ಟಿದೆ. "ಕಷ್ಟಪಡದೆ ನಾದ ಬರುವುದಿಲ್ಲ" ಎಂದು ಅವನೆದುರು ಎಷ್ಟೋ ಸಲ ಹೇಳಿದ್ದೇನೆ. ಅವನು ನನಗಿಂತ ಚೆನ್ನಾಗಿ ನುಡಿಸುತ್ತಾನೆ ಎಂಬುದನ್ನು ಇಲ್ಲಿ ಬರೆದುಬಿಡುವುದೇ ಸರಿ.

ಕಷ್ಟ ಯಾರದು ಎಂಬುದನ್ನು ಮಾತ್ರ ನಾನು ಇಷ್ಟು ವರ್ಷ ಕೇಳಿಕೊಂಡಿರಲಿಲ್ಲ. "ನನ್ನ ಆಂಪು, ನಾನೇ ಹೊರುತ್ತೇನೆ" ಎಂದು ಹೇಳಿಕೊಂಡು ಬಂದವನು ನಾನು. ಈ ವಾರ ಕುಳಿತು ನೆನಪು ಮಾಡಿಕೊಂಡರೆ, ಒಬ್ಬನೇ ಹೊತ್ತ ದಿನಗಳು ಬೆರಳೆಣಿಕೆಗೂ ಸಿಗುತ್ತಿಲ್ಲ. ರಾಜ್ಯೋತ್ಸವದ ಬೀದಿ ವೇದಿಕೆಗಳಲ್ಲಿ ಶಾಮಿಯಾನದ ಹುಡುಗರು ಏರಿಸಿದ್ದಾರೆ. ಗಣೇಶನ ಕಾರ್ಯಕ್ರಮಗಳಲ್ಲಿ ಸಂಘದ ಹುಡುಗರು ಗಣೇಶನಷ್ಟೇ ಜೋಪಾನವಾಗಿ ಇಳಿಸಿದ್ದಾರೆ. ಎಷ್ಟೋ ಆಟೊದವರು ಗೊಣಗುತ್ತಲೇ ಇಳಿದು ಕೈ ಕೊಟ್ಟಿದ್ದಾರೆ. ನಮ್ಮ ಮನೆಯ ಮುಂದಿನ ಮೂರು ಮೆಟ್ಟಿಲುಗಳನ್ನು, ಪ್ರತಿ ಕಾರ್ಯಕ್ರಮದ ದಿನವೂ, ಹೋಗುವಾಗ ಒಮ್ಮೆ, ನಡುರಾತ್ರಿ ಬರುವಾಗ ಒಮ್ಮೆ, ಇನ್ನೊಂದು ಬದಿ ಹಿಡಿದು ದಾಟಿಸಿದವಳು ನನ್ನ ಹೆಂಡತಿ. ಅವಳಿಗೂ ಬೆನ್ನಿದೆ.

ಹೊರುವವರ ಬೆನ್ನು ಮಾತಾಡಿದ ಒಂದು ಪ್ರಸಂಗ ಈ ಪೆಟ್ಟಿಗೆಗಳ ಚರಿತ್ರೆಯಲ್ಲೇ ಇದೆ. 1965ರ ಸುಮಾರಿಗೆ ಲಂಡನ್ನಿನಲ್ಲಿ ದಿ ಹೂ ಎಂಬ ರಾಕ್ ತಂಡದ ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್, ಆಂಪು ತಯಾರಕ ಜಿಮ್ ಮಾರ್ಷಲ್ ಅವರಿಂದ 12 ಇಂಚಿನ ಎಂಟು ಸ್ಪೀಕರುಗಳ ಒಂದೇ ಪೆಟ್ಟಿಗೆಯನ್ನು ಮಾಡಿಸಿಕೊಂಡರು. ತಂಡದ ಸಾಮಾನು ಹೊರುವವರು ಅದನ್ನು ಕೆಲವು ದಿನ ಹೊತ್ತು, ಇದು ನಮ್ಮಿಂದಾಗದೆಂದು ಕೈಚೆಲ್ಲಿದರು. ಪೆಟ್ಟಿಗೆ ಎರಡಾಯಿತು; ನಾಲ್ಕು ಸ್ಪೀಕರಿನದೊಂದು ಕೆಳಗೆ, ನಾಲ್ಕರದೊಂದು ಮೇಲೆ. ಮಾರ್ಷಲ್ ಸ್ಟ್ಯಾಕ್ ಎಂದು ಜಗತ್ತಿನ ರಾಕ್ ವೇದಿಕೆಗಳಲ್ಲೆಲ್ಲ ನಿಂತ, ನಾನು ಹದಿಹರೆಯದಲ್ಲಿ ಚಿತ್ರಗಳನ್ನು ಕತ್ತರಿಸಿ ಗೋಡೆಗಂಟಿಸಿಕೊಂಡಿದ್ದ ಆ ರೂಪ ಹೀಗೆ ಬಂದದ್ದು. ಆ ಸಾಮಾನು ಹೊರುವವರ ಹೆಸರುಗಳು ಯಾವ ಗಿಟಾರ್ ಪ್ರೇಮಿಯ ಬಾಯಲ್ಲೂ ಇಲ್ಲ, ನನ್ನ ಬಾಯಲ್ಲೂ ಇಲ್ಲ. ಮಂಡ್ಯದ ಹುಡುಗನ ಹೆಸರನ್ನೂ ನಾನು ಕೇಳಲಿಲ್ಲ. ಕಾರಿನ ಡಿಕ್ಕಿ ಮುಚ್ಚಿದ ಮೇಲೆ ನೂರು ರೂಪಾಯಿ ಕೊಟ್ಟೆ. ಅವನು ಅದನ್ನು ಜೇಬಿಗಿಟ್ಟು, ಆಂಪಿನ ಮೇಲೆ ಒಮ್ಮೆ ತಟ್ಟಿ, ಉಳಿದ ಪಾತ್ರೆಗಳನ್ನು ಇಳಿಸಲು ಮತ್ತೆ ಮೆಟ್ಟಿಲು ಹತ್ತಿದ.

ನಿನ್ನೆ ತುಮಕೂರಿನಿಂದ ಕರೆ ಬಂದಿತ್ತು, ಮುಂದಿನ ಶನಿವಾರ ಒಂದು ನಿಶ್ಚಿತಾರ್ಥ. ಸಂಭಾವನೆಯ ಮಾತಿಗೆ ಮೊದಲೇ ಯಾವ ಮಹಡಿ ಎಂದು ಕೇಳಿದೆ. "ಮೂರನೇದು ಸಾರ್, ಆದ್ರೆ ಲಿಫ್ಟಿದೆ" ಎಂದರು. "ಸಾಮಾನಿಗೂ ಬಿಡ್ತಾರಾ?" ಎಂದೆ. ಕೇಳಿ ಹೇಳುತ್ತೇನೆಂದು ಇಟ್ಟವರು ಇನ್ನೂ ಕರೆ ಮಾಡಿಲ್ಲ.